ಗಣಿತ, ವಿಜ್ಞಾನ ಕಲಿಸಲು ಕಲಿಯುವುದು ಹೇಗೆ? ಮಕ್ಕಳ ತಪ್ಪು ಉತ್ತರದಿಂದ ಶುರು ಮಾಡಿ

ಲೆಕ್ಕ ಚೆನ್ನಾಗಿ ಬರುವವರೆಲ್ಲ ಲೆಕ್ಕ ಚೆನ್ನಾಗಿ ಹೇಳಿಕೊಡುತ್ತಾರೆ ಅಂತೇನಿಲ್ಲ. ಶಾಲೆಗೆ ಹೋದ ಎಲ್ಲರಿಗೂ ಇದು ಗೊತ್ತು. ಆದರೆ ಹೊಸದಾಗಿ ಪಾಠ ಮಾಡಲು ಹೊರಟವರಿಗೆ ಸಿಗುವ ಸಲಹೆ ನೋಡಿ: ದನಿ ಜೋರಿರಲಿ, ಬೋರ್ಡಿನ ಮೇಲೆ ಅಕ್ಷರ ದೊಡ್ಡದಿರಲಿ, ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಿ. ತಪ್ಪಿಲ್ಲ, ಇವೆಲ್ಲ ಬೇಕು. ಆದರೆ ಇತಿಹಾಸದ ಮೇಷ್ಟ್ರಿಗೂ ಇವೇ ಬೇಕು, ಅಲ್ವಾ?

ಗಣಿತ, ವಿಜ್ಞಾನ ಕಲಿಸುವವರು ಬೇರೆಯಾಗಿ ಕಲಿಯಬೇಕಾದ ಕೆಲಸ ಒಂದಿದೆ. ಮಗು ತಪ್ಪು ಉತ್ತರ ಕೊಟ್ಟಾಗ, ಅದು ಆ ಉತ್ತರಕ್ಕೆ ಹೇಗೆ ಬಂತು ಅಂತ ಪತ್ತೆ ಮಾಡುವುದು. 1986ರಲ್ಲಿ ಲೀ ಶುಲ್ಮನ್ ಎಂಬ ಅಮೆರಿಕದ ಶಿಕ್ಷಣತಜ್ಞರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ವಿಷಯ ಗೊತ್ತಿರುವುದು ಒಂದು, ಪಾಠ ಮಾಡುವ ರೀತಿ ಗೊತ್ತಿರುವುದು ಇನ್ನೊಂದು. ಇವೆರಡೂ ಸೇರುವಲ್ಲಿ ಮೂರನೇ ತಿಳಿವಳಿಕೆ ಒಂದಿದೆ. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಅಲ್ಲಿ ಯಾವ ಉದಾಹರಣೆ ಕೆಲಸಕ್ಕೆ ಬರುತ್ತದೆ ಅನ್ನುವುದು. ಇದು ಡಿಗ್ರಿಯಲ್ಲಿ ಬರುವುದಿಲ್ಲ, ಪಠ್ಯಪುಸ್ತಕದಲ್ಲೂ ಅಷ್ಟಾಗಿ ಇರುವುದಿಲ್ಲ. ನಾವೇ ಕೂಡಿಹಾಕಿಕೊಳ್ಳಬೇಕು.

ಮೊದಲು ಒಂದೇ ಮಗುವಿನ ಜೊತೆ ಕೂತುಕೊಳ್ಳಿ

ನೇರವಾಗಿ ಕ್ಲಾಸಿಗೆ ನುಗ್ಗುವ ಮೊದಲು ಇದನ್ನು ಮಾಡಿ. ಒಂದು ಮಗುವಿಗೆ ಮೂರು ನಾಲ್ಕು ಲೆಕ್ಕ ಕೊಡಿ. ಮಾಡುತ್ತಾ ಮಾಡುತ್ತಾ ಮನಸ್ಸಿನಲ್ಲಿ ಏನು ಬರುತ್ತದೋ ಅದನ್ನು ಬಾಯಿಬಿಟ್ಟು ಹೇಳಲು ಹೇಳಿ. ನೀವು ಸುಮ್ನೆ ಕೇಳಿಸಿಕೊಳ್ಳಿ. ತಿದ್ದಬೇಡಿ, ಹೇಳಿಕೊಡಬೇಡಿ, ಮುಖದಲ್ಲೂ ತೋರಿಸಬೇಡಿ. ಇದು ಅಂದುಕೊಂಡಷ್ಟು ಸುಲಭ ಅಲ್ಲ. ಗೊತ್ತಿರುವವರಿಗೆ ನಾಲಗೆ ತುರಿಸುತ್ತಲೇ ಇರುತ್ತದೆ.

ಉದಾಹರಣೆಗೆ 52ರಿಂದ 27 ಕಳೆ ಅಂದರೆ ಒಂದು ಮಗು 35 ಅಂತ ಬರೆಯುತ್ತದೆ. ಗಮನ ಕೊಡಲಿಲ್ಲ ಅಂತ ನಮಗನಿಸುತ್ತದೆ. ಕೇಳಿ ನೋಡಿದರೆ ಗಮನ ಕೊಟ್ಟೇ ಮಾಡಿದೆ: ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದರೆ 5, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದರೆ 3. 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಅನ್ನುವುದು ಅದರ ನಿಯಮ. ಪ್ರತಿ ಸಲವೂ ಅದನ್ನೇ ಪಾಲಿಸುತ್ತಿದೆ. ಇಂಥ ಮಗುವಿಗೆ 'ಪಕ್ಕದಿಂದ ಹತ್ತು ತಗೋ, ಮರೆತುಬಿಟ್ಟೆಯಾ' ಅಂದರೆ ಈ ಲೆಕ್ಕ ಸರಿಹೋಗುತ್ತದೆ, ಮುಂದಿನ ಲೆಕ್ಕದಲ್ಲಿ ಹಳೇ ನಿಯಮ ವಾಪಸ್ ಬರುತ್ತದೆ. ಅದರ ಬದಲು '35ಕ್ಕೆ 27 ಕೂಡಿಸಿ ನೋಡು' ಅನ್ನಿ. 62 ಬರುತ್ತದೆ. ನಾವು ಶುರು ಮಾಡಿದ್ದು 52ರಿಂದ. ಏನೋ ಎಡವಟ್ಟಾಗಿದೆ ಅಂತ ಈಗ ಅದಕ್ಕೇ ಅನಿಸುತ್ತದೆ. ಆಗ ಕಡ್ಡಿಗಳ ಕಟ್ಟು ತೆಗೆದು, ಹತ್ತರ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಇಟ್ಟು, ಇದರಿಂದ 27 ಕೊಡು ಅಂದರೆ ಒಂದು ಕಟ್ಟು ಬಿಚ್ಚದೆ ಬೇರೆ ದಾರಿಯೇ ಇಲ್ಲ.

ಮಕ್ಕಳ ತಪ್ಪಿನಲ್ಲಿ ಹೆಚ್ಚಿನವು ಹೀಗೆ ನಿಯಮಬದ್ಧ ತಪ್ಪುಗಳು. ಇನ್ನೊಂದು ಕಹಿ ವಿಷಯ, ಆ ನಿಯಮಗಳನ್ನು ಎಷ್ಟೋ ಸಲ ಕೊಟ್ಟವರು ನಾವೇ. 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಅಂತ ಒಂದನೇ ಕ್ಲಾಸಲ್ಲಿ ಯಾರೋ ಹೇಳಿರುತ್ತಾರೆ, ಆಗ ಅದು ಸಾಲುತ್ತದೆ, ಋಣ ಸಂಖ್ಯೆ ಬಂದಾಗ ಅದೇ ಅಡ್ಡ ಬರುತ್ತದೆ. 'ಗುಣಿಸಿದರೆ ಜಾಸ್ತಿ ಆಗುತ್ತದೆ' ಅಂತ ಹೇಳಿಕೊಟ್ಟರೆ, ½ರಿಂದ ಗುಣಿಸಿದ ದಿನ ಮಗು ಕಂಗಾಲಾಗುತ್ತದೆ. 'ಹತ್ತರಿಂದ ಗುಣಿಸಿದರೆ ಕೊನೆಗೆ ಸೊನ್ನೆ ಹಾಕು' ಅಂದವರು ಮುಂದೆ 2.5 × 10 = 2.50 ಅನ್ನುವ ಉತ್ತರ ನೋಡಲು ತಯಾರಾಗಿರಬೇಕು. ಹಾಗಾಗಿ ಚುಟುಕು ನಿಯಮ ಹೇಳುವ ಮೊದಲು ಎರಡು ವರ್ಷ ಮುಂದಿನ ಪಠ್ಯಪುಸ್ತಕ ತೆಗೆದು ನೋಡಿ. ಅಲ್ಲಿ ಆ ನಿಯಮ ನಿಲ್ಲದಿದ್ದರೆ ಇಲ್ಲೂ ಹೇಳಬೇಡಿ.

ಪ್ರಶ್ನೆ ಆರಿಸುವುದೇ ಅರ್ಧ ಕೆಲಸ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೋಧನೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ ಭಾಗ ಇದು.

0.4, 0.35 ಇವುಗಳಲ್ಲಿ ಯಾವುದು ದೊಡ್ಡದು? ಬಹಳ ಮಕ್ಕಳು 0.35 ಅನ್ನುತ್ತಾರೆ. 35, 4ಕ್ಕಿಂತ ದೊಡ್ಡದಲ್ಲವೇ! ಬಿಂದುವಿನ ಆಚೆ ಇರುವುದನ್ನೂ ಪೂರ್ಣ ಸಂಖ್ಯೆಯ ಹಾಗೇ ಓದುತ್ತಾರೆ. ಈಗ ನೀವು ಈ ಜೋಡಿಯ ಬದಲು 0.7, 0.85 ಕೊಟ್ಟಿದ್ದೀರಿ ಅಂದುಕೊಳ್ಳಿ. ಅದೇ ಮಗು 0.85 ದೊಡ್ಡದು ಅನ್ನುತ್ತದೆ. ಉತ್ತರ ಸರಿ, ಯೋಚನೆ ತಪ್ಪು. ನೀವು ಸರಿ ಗುರುತು ಹಾಕಿ ಮುಂದೆ ಹೋಗುತ್ತೀರಿ.

ಇನ್ನೊಂದು ಗುಂಪಿನ ಮಕ್ಕಳಿದ್ದಾರೆ, ಅವರದು ಉಲ್ಟಾ. ಹತ್ತನೇ ಒಂದು ಭಾಗಕ್ಕಿಂತ ನೂರನೇ ಒಂದು ಭಾಗ ಚಿಕ್ಕದು ಅಂತ ಕೇಳಿರುತ್ತಾರೆ, ಅದರಿಂದ ಬಿಂದುವಿನ ಮುಂದೆ ಅಂಕಿ ಜಾಸ್ತಿ ಇದ್ದಷ್ಟೂ ಸಂಖ್ಯೆ ಚಿಕ್ಕದು ಅಂದುಕೊಂಡಿರುತ್ತಾರೆ. ಇವರು 0.4 ಮತ್ತು 0.35ರಲ್ಲಿ 0.4 ದೊಡ್ಡದು ಅಂತ ಸರಿಯಾಗಿಯೇ ಹೇಳಿಬಿಡುತ್ತಾರೆ! ಆದರೆ 0.6, 0.75 ಕೊಟ್ಟರೆ 0.6 ಅನ್ನುತ್ತಾರೆ. ಆದ್ದರಿಂದ ಎರಡೂ ಜೋಡಿ ಒಟ್ಟಿಗೆ ಕೊಡಬೇಕು. ಮೊದಲನೆಯದು ತಪ್ಪಿ ಎರಡನೆಯದು ಸರಿಯಾದರೆ ಒಂದು ಕಾಯಿಲೆ, ಮೊದಲನೆಯದು ಸರಿಯಾಗಿ ಎರಡನೆಯದು ತಪ್ಪಿದರೆ ಬೇರೆ ಕಾಯಿಲೆ. ಎರಡಕ್ಕೂ ಒಂದೇ ಔಷಧಿ ಸಾಲದು. ಇಪ್ಪತ್ತು ಲೆಕ್ಕದ ಹಾಳೆಗಿಂತ ಹೀಗೆ ಯೋಚಿಸಿ ಆರಿಸಿದ ಎರಡು ಲೆಕ್ಕ ಮೇಲು.

ಸರಿಪಡಿಸುವುದು ಹೇಗೆ? '0.4ರ ಮುಂದೆ ಸೊನ್ನೆ ಹಾಕಿ 0.40 ಮಾಡಿ ಹೋಲಿಸು' ಅನ್ನುವ ಉಪಾಯ ಎಲ್ಲರಿಗೂ ಗೊತ್ತು. ಉತ್ತರ ಸರಿ ಬರುತ್ತದೆ, ಮಗುವಿನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ 40 ಮತ್ತು 35. ನೂರು ಮನೆಗಳ ಚೌಕ ಬರೆದು, 0.4ಕ್ಕೆ ನಾಲ್ಕು ಕಂಬಸಾಲು ಪೂರ್ತಿ ಬಣ್ಣ ಹಾಕಿಸಿ, 0.35ಕ್ಕೆ ಮೂರು ಸಾಲು ಮತ್ತು ಐದು ಮನೆ ಹಾಕಿಸಿ. ಸೊನ್ನೆಯ ಉಪಾಯ ಆಮೇಲೆ ತಾನಾಗಿ ಅರ್ಥವಾಗುತ್ತದೆ.

ಇದೇ ಥರದ ಇನ್ನೊಂದು ಪ್ರಶ್ನೆ: 8 + 4 = □ + 5. ಖಾಲಿ ಜಾಗದಲ್ಲಿ 12 ಬರೆಯುವ ಮಕ್ಕಳು ತುಂಬಾ ಜನ, 17 ಬರೆಯುವವರೂ ಇದ್ದಾರೆ. ಅವರಿಗೆ ಸಮ ಚಿಹ್ನೆ ಅಂದರೆ 'ಉತ್ತರ ಇಲ್ಲಿ ಬರೆ' ಅಂತ. ಎರಡು ಬದಿಯೂ ಒಂದೇ ಬೆಲೆ ಅನ್ನುವುದು ಬಂದಿಲ್ಲ. ಯಾಕೆ ಬರಬೇಕು ಹೇಳಿ, ವರ್ಷಗಟ್ಟಲೆ ಅವರು ನೋಡಿದ್ದೆಲ್ಲ ಎಡಗಡೆ ಲೆಕ್ಕ, ಬಲಗಡೆ ಉತ್ತರ. ಈ ಮಕ್ಕಳೇ ಮುಂದೆ ಬೀಜಗಣಿತದಲ್ಲಿ ಸಮೀಕರಣ ಬಂದಾಗ ಮುಗ್ಗರಿಸುತ್ತಾರೆ. ಚಿಕ್ಕ ತರಗತಿಯಿಂದಲೇ 12 = 8 + 4 ಅಂತ ತಿರುಗಿಸಿ ಬರೆಯಿರಿ, 7 = 7 ಅಂತ ಬರೆದು ಇದು ಸರಿಯೋ ತಪ್ಪೋ ಅಂತ ಕೇಳಿ. 'ಇದು ಲೆಕ್ಕವೇ ಅಲ್ಲ' ಅಂತ ಒಬ್ಬರಾದರೂ ಜಗಳಕ್ಕೆ ಬರುತ್ತಾರೆ. ಬರಲಿ, ಆ ಜಗಳದಲ್ಲೇ ಪಾಠ ಇದೆ.

ನಿಮ್ಮ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ

1¾ ÷ ½ ಮಾಡಿ. ಮಾಡಿದಿರಾ? 3½. ಈಗ ಇದಕ್ಕೆ ಹೊಂದುವ ಒಂದು ಕಥೆ ಲೆಕ್ಕ ಕಟ್ಟಿ. 'ಒಂದೂ ಮುಕ್ಕಾಲು ಮೀಟರ್ ರಿಬ್ಬನ್ನನ್ನು ಇಬ್ಬರಿಗೆ ಸಮವಾಗಿ ಹಂಚಿದರೆ' ಅಂತ ಹೊಳೆದಿದ್ದರೆ, ಅದು 2ರಿಂದ ಭಾಗಿಸುವ ಕಥೆ, ½ರಿಂದ ಅಲ್ಲ. ಸರಿಯಾದದ್ದು: ಒಂದೂ ಮುಕ್ಕಾಲು ಮೀಟರ್ ರಿಬ್ಬನ್ನಿನಲ್ಲಿ ಅರ್ಧ ಮೀಟರಿನ ತುಂಡು ಎಷ್ಟು ಸಿಗುತ್ತವೆ? ತಲೆಕೆಳಗು ಮಾಡಿ ಗುಣಿಸಲು ಗೊತ್ತಿರುವ ದೊಡ್ಡವರೇ ಈ ಕಥೆಯಲ್ಲಿ ಸಿಕ್ಕಿಬೀಳುತ್ತಾರೆ. ಪ್ರತಿ ಅಧ್ಯಾಯಕ್ಕೂ ಹೀಗೆ ಒಂದು ಕಥೆ ಕಟ್ಟಲು ಆಗುತ್ತದೋ ನೋಡಿ. ಆಗಲಿಲ್ಲ ಅಂದರೆ ಆ ಪಾಠ ನಿಮಗೇ ಇನ್ನೊಂದು ಸುತ್ತು ಬೇಕು.

ಮಕ್ಕಳು 'ಯಾಕೆ' ಅಂತ ಕೇಳುವ ಜಾಗಗಳೂ ಗೊತ್ತಿರುವಂಥವೇ. ಋಣ ಗುಣಿಸು ಋಣ ಧನ ಯಾಕೆ? ಸಾಲಾಗಿ ಬರೆದು ತೋರಿಸಿ: 2 × (−2) = −4, 1 × (−2) = −2, 0 × (−2) = 0. ಪ್ರತಿ ಹೆಜ್ಜೆಗೂ ಉತ್ತರ 2 ಏರುತ್ತಿದೆ. ಮುಂದಿನದು (−1) × (−2). ಏನು ಬರಬೇಕು ಅಂತ ಮಕ್ಕಳೇ ಹೇಳುತ್ತಾರೆ. ಸೊನ್ನೆಯಿಂದ ಭಾಗಿಸಬಾರದು ಯಾಕೆ? 12 ÷ 0ಗೆ ಉತ್ತರ ಬೇಕಾದರೆ ಸೊನ್ನೆಯಿಂದ ಗುಣಿಸಿದಾಗ 12 ಬರುವ ಸಂಖ್ಯೆ ಬೇಕು, ಅಂಥದ್ದು ಇಲ್ಲ. '0 ÷ 0 ಮಾಡಬಹುದಾ ಮಿಸ್' ಅಂತ ಕಿಲಾಡಿಯೊಬ್ಬ ಕೇಳಿದರೆ, ಅಲ್ಲಿ ಯಾವ ಸಂಖ್ಯೆ ಇಟ್ಟರೂ ನಡೆಯುತ್ತದೆ, ಅದಕ್ಕೇ ಒಂದು ಉತ್ತರ ಅಂತ ಇಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ 'ನಾಳೆ ಹೇಳುತ್ತೇನೆ' ಅನ್ನಿ, ಮತ್ತೆ ನಾಳೆ ಹೇಳಿ. ಎರಡನೆಯದನ್ನು ಮರೆಯುವವರೇ ಜಾಸ್ತಿ.

ವಿಜ್ಞಾನದಲ್ಲಿ: ಮೊದಲು ಊಹೆ, ಅದೂ ಬರವಣಿಗೆಯಲ್ಲಿ

ವಿಜ್ಞಾನದ ತೊಂದರೆ ಸ್ವಲ್ಪ ಬೇರೆ. ಇಲ್ಲಿ ಮಕ್ಕಳು ಖಾಲಿ ತಲೆಯಲ್ಲಿ ಬಂದು ಕೂರುವುದಿಲ್ಲ. ಪ್ರಪಂಚ ಹೇಗೆ ನಡೆಯುತ್ತದೆ ಅಂತ ಆಗಲೇ ತಮ್ಮದೇ ಸಿದ್ಧಾಂತ ಮಾಡಿಕೊಂಡಿರುತ್ತಾರೆ. ಭಾರದ್ದು ಬೇಗ ಬೀಳುತ್ತದೆ, ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ, ಸೂರ್ಯ ಹತ್ತಿರ ಬಂದಾಗ ಬೇಸಿಗೆ. ನೀವು ಸರಿಯಾದದ್ದನ್ನು ಹೇಳಿದರೆ ಪರೀಕ್ಷೆಗೆ ಅದನ್ನು ಬರೆಯುತ್ತಾರೆ, ಹೊರಗೆ ಹಳೆಯದನ್ನೇ ನಂಬುತ್ತಾರೆ.

ಅದಕ್ಕೆ ಕ್ರಮ ಹೀಗಿರಲಿ. ಪ್ರಯೋಗದ ವಸ್ತು ತೋರಿಸಿ, ಏನಾಗುತ್ತದೆ ಅಂತ ಪ್ರತಿಯೊಬ್ಬರೂ ಬರೆಯಲಿ, ಯಾಕೆ ಅಂತ ಒಂದು ಸಾಲು ಸೇರಿಸಲಿ. ಆಮೇಲೆ ಮಾಡಿ ತೋರಿಸಿ. ನೋಡಿದ್ದಕ್ಕೂ ಬರೆದದ್ದಕ್ಕೂ ಎಲ್ಲಿ ಹೊಂದಲಿಲ್ಲ ಅಂತ ಮಾತಾಡಿ. ಬರೆಸುವುದನ್ನು ಬಿಡಬೇಡಿ. ಬರೆಸದಿದ್ದರೆ ಪ್ರಯೋಗ ಆದಮೇಲೆ ಎಲ್ಲರೂ 'ನನಗೆ ಮೊದಲೇ ಗೊತ್ತಿತ್ತು' ಅನ್ನುತ್ತಾರೆ.

ಒಂದು ಪುಸ್ತಕ, ಅದಕ್ಕಿಂತ ಚಿಕ್ಕದೊಂದು ಹಾಳೆ. ಬೇರೆ ಬೇರೆ ಬಿಟ್ಟರೆ ಪುಸ್ತಕ ಮೊದಲು ಬೀಳುತ್ತದೆ, ಮಕ್ಕಳಿಗೆ ಖುಷಿ. ಹಾಳೆಯನ್ನು ಉಂಡೆ ಮಾಡಿ ಬಿಡಿ, ಹೆಚ್ಚುಕಡಿಮೆ ಜೊತೆಗೇ ಬೀಳುತ್ತದೆ. ತೂಕ ಬದಲಾಗಲಿಲ್ಲವಲ್ಲ! ಈಗ ಹಾಳೆಯನ್ನು ಮತ್ತೆ ಬಿಡಿಸಿ ಪುಸ್ತಕದ ಮೇಲೆ ಇಟ್ಟು ಬಿಡಿ. ಗಾಳಿಯ ತಡೆಯ ಮಾತು ಮಕ್ಕಳಿಂದಲೇ ಬರುತ್ತದೆ. 1971ರಲ್ಲಿ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅದರ ವಿಡಿಯೊ ಇದೆ, ಆದರೆ ಹಾಳೆ ಪುಸ್ತಕ ಆದಮೇಲೆ ತೋರಿಸಿ. ಮೊದಲೇ ತೋರಿಸಿದರೆ ಅದು ಬರೀ ಮ್ಯಾಜಿಕ್.

ಋತುಗಳ ಪಾಠದಲ್ಲಿ ಪ್ರಯೋಗಕ್ಕಿಂತ ಒಂದು ಅಂಕಿಯೇ ಸಾಕು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದ ಸುಮಾರಿಗೆ, ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಶುರುವಿನಲ್ಲಿ, 15.2 ಕೋಟಿ. ಉತ್ತರಾರ್ಧ ಗೋಳದಲ್ಲಿ ಜನವರಿ ಚಳಿಗಾಲ. ಇಷ್ಟು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತುಬಿಡಿ. ಗದ್ದಲ ಶುರುವಾಗುತ್ತದೆ. ಆಮೇಲೆ ಟಾರ್ಚನ್ನು ಹಾಳೆಯ ಮೇಲೆ ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ಹಿಡಿದು, ಅದೇ ಬೆಳಕು ಎಷ್ಟು ಜಾಗಕ್ಕೆ ಹರಡುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರ ಮಹತ್ವ ಆಗ ಕಾಣುತ್ತದೆ.

ಗಿಡದ ವಿಷಯಕ್ಕೆ 17ನೇ ಶತಮಾನದ ವಾನ್ ಹೆಲ್ಮಾಂಟ್ ಮಾಡಿದ ಪ್ರಯೋಗ ಹೇಳಿ. ಸುಮಾರು 90 ಕೆಜಿ ಒಣಮಣ್ಣಿನಲ್ಲಿ ಎರಡು ಕೆಜಿ ಚಿಲ್ಲರೆಯ ವಿಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದರು. ಮರ ಸುಮಾರು 77 ಕೆಜಿ ಆಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಮಿನ ಆಸುಪಾಸು. ಹಾಗಾದರೆ ಮರದ ತೂಕ ಎಲ್ಲಿಂದ ಬಂತು? 'ಪೂರ್ತಿ ನೀರಿನಿಂದ' ಅಂತ ಅವರು ತೀರ್ಮಾನ ಮಾಡಿದರು. ಅದೂ ಪೂರ್ತಿ ಸರಿಯಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಅವರ ಲೆಕ್ಕದಲ್ಲಿ ಇರಲಿಲ್ಲ. ದೊಡ್ಡ ವಿಜ್ಞಾನಿಯ ಅರ್ಧ ಸರಿ ಉತ್ತರ ಮಕ್ಕಳಿಗೆ ಬಹಳ ಹಿಡಿಸುತ್ತದೆ, ತಪ್ಪು ಎಲ್ಲಿ ಅಂತ ಹುಡುಕಲು ಬಿಡಿ.

ವಿದ್ಯುತ್ತಿಗೆ ಒಂದು ಸೆಲ್, ಒಂದು ಟಾರ್ಚ್ ಬಲ್ಬು (ತಂತಿ ಕಾಣುವ ಹಳೇ ಥರದ್ದು, ಎಲ್‌ಇಡಿ ಅಲ್ಲ), ಒಂದೇ ಒಂದು ವೈರು ಕೊಟ್ಟು ಹೊತ್ತಿಸಲು ಹೇಳಿ. ಸೆಲ್ಲಿನ ಒಂದು ತುದಿಯಿಂದ ಬಲ್ಬಿನ ತಳಕ್ಕೆ ವೈರು ಮುಟ್ಟಿಸಿ ಕಾಯುವವರೇ ಜಾಸ್ತಿ. ಬಲ್ಬಿಗೆ ಮುಟ್ಟುವ ಜಾಗ ಎರಡಿದೆ, ತಳದ ಚುಕ್ಕೆ ಮತ್ತು ಪಕ್ಕದ ಲೋಹ, ಸುತ್ತು ಪೂರ್ತಿಯಾಗಬೇಕು ಅನ್ನುವುದು ಕೈಯಲ್ಲಿ ಮಾಡಿದರೇ ಗೊತ್ತಾಗುವುದು. ಸೆಲ್ಲಿನ ಎರಡೂ ತುದಿಗೆ ನೇರವಾಗಿ ವೈರು ಹಿಡಿದರೆ ಬಿಸಿಯಾಗುತ್ತದೆ, ಅದನ್ನು ಮೊದಲೇ ಹೇಳಿ. ಗೋಡೆಯ ಪ್ಲಗ್ಗಿನ ಹತ್ತಿರ ಯಾರೂ ಹೋಗಬಾರದು ಅನ್ನುವುದನ್ನಂತೂ ಎರಡು ಸಲ ಹೇಳಿ.

ಯಾವ ಪ್ರಯೋಗವನ್ನೇ ಆಗಲಿ, ಹಿಂದಿನ ದಿನ ಅದೇ ಸಾಮಾನಿನಲ್ಲಿ ಮಾಡಿ ನೋಡಿ. ಆದರೂ ಕೈಕೊಡುತ್ತದೆ. ಆಗ 'ಇಷ್ಟು ಬರಬೇಕಿತ್ತು, ಹಾಗೇ ಬರೆದುಕೊಳ್ಳಿ' ಅನ್ನುವುದು ಮಾತ್ರ ಬೇಡ. ಬಂದದ್ದನ್ನು ಬರೆಯಲಿ, ಯಾಕೆ ಹಾಗೆ ಬಂತು ಅಂತ ಹುಡುಕಲಿ.

ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ

'ಅರ್ಥ ಆಯ್ತಾ?' ಅಂತ ಕೇಳುವುದನ್ನು ಇವತ್ತೇ ಬಿಡಿ. 'ಆಯ್ತು ಸಾರ್' ಅಂತ ಕೋರಸ್ಸಿನಲ್ಲಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಇನ್ನೂ ಕಷ್ಟ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬವರು ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಮಾತಾಡದವರೂ ಮಾತಾಡಿದರು. ಮನಸ್ಸಿನಲ್ಲೇ ನಿಧಾನವಾಗಿ ನಾಲ್ಕರವರೆಗೆ ಎಣಿಸಿ. ಮಗು ಉತ್ತರ ಕೊಟ್ಟ ಮೇಲೂ ಹಾಗೇ ಕಾಯಿರಿ, ಎಷ್ಟೋ ಸಲ ಅದು ತಾನೇ ಮುಂದುವರಿಸುತ್ತದೆ.

'ಹೇಗೆ ಬಂತು?' ಅನ್ನುವುದನ್ನು ಸರಿ ಉತ್ತರಕ್ಕೂ ಕೇಳಿ. ತಪ್ಪಿಗೆ ಮಾತ್ರ ಕೇಳಿದರೆ ಎರಡೇ ದಿನದಲ್ಲಿ ಮಕ್ಕಳಿಗೆ ಗುಟ್ಟು ಗೊತ್ತಾಗುತ್ತದೆ, 'ಹೇಗೆ' ಅಂದ ಕೂಡಲೇ ರಬ್ಬರ್ ತೆಗೆಯುತ್ತಾರೆ. ½ + ⅓ = ⅖ ಅಂದ ಮಗುವಿಗೂ ಸಿಟ್ಟು ಮಾಡದೆ ಒಂದು ಮಾತು ಕೇಳಿ: ⅖ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಅರ್ಧಕ್ಕೆ ಏನೋ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಯಿತಲ್ಲ!

ಬೋರ್ಡಿನ ಬಗ್ಗೆ ಒಂದೇ ಮಾತು. ಮಧ್ಯದಲ್ಲಿ ಒರೆಸಬೇಡಿ. ಎಡದಿಂದ ಬಲಕ್ಕೆ ಇಡೀ ಪಾಠ ಉಳಿಯಲಿ, ಮಕ್ಕಳ ತಪ್ಪು ದಾರಿಯೂ ಸೇರಿ. ಜಪಾನಿನ ಶಿಕ್ಷಕರು ಪಾಠದ ಕೊನೆಗೆ ಬೋರ್ಡು ಹೇಗೆ ಕಾಣಬೇಕು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ.

ಅಭ್ಯಾಸ ಎಲ್ಲಿ ಮಾಡುವುದು

ತರಬೇತಿಯಲ್ಲಿ ಸಹಪಾಠಿಗಳ ಮುಂದೆ ಹತ್ತು ನಿಮಿಷ ಪಾಠ ಮಾಡಿಸುತ್ತಾರಲ್ಲ, ಆ ಪದ್ಧತಿ 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಶುರುವಾದದ್ದು. ಒಳ್ಳೆಯದೇ. ಆದರೆ ಗೆಳೆಯರು ಮಕ್ಕಳಾಗಿ ಕೂತರೆ ಬೇಗ ಬೇಗ ಸರಿ ಉತ್ತರ ಹೇಳಿ ನಿಮ್ಮನ್ನು ಪಾರು ಮಾಡುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೂ ಒಂದು ತಪ್ಪು ನಿಯಮದ ಚೀಟಿ ಕೊಡಿ. 'ನೀನು ಗುಣಿಸಿದರೆ ಜಾಸ್ತಿ ಅಂತ ನಂಬುವವನು', 'ನೀನು ಕರೆಂಟು ಮೊದಲ ಬಲ್ಬಿನಲ್ಲೇ ಅರ್ಧ ಖರ್ಚಾಗುತ್ತದೆ ಅನ್ನುವವಳು'. ಆಗ ನೋಡಿ ಮಜಾ.

ಬೇರೆಯವರ ಕ್ಲಾಸು ನೋಡಲು ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು ಮೇಷ್ಟ್ರ ಮುಖ ನೋಡಬೇಡಿ. ಪಕ್ಕದಲ್ಲಿ ಕೂತು ಒಂದು ಮಗುವಿನ ನೋಟ್‌ಬುಕ್ಕನ್ನು ಪೀರಿಯಡ್ ಪೂರ್ತಿ ನೋಡಿ. ಯಾವಾಗ ಪೆನ್ಸಿಲ್ ನಿಂತಿತು, ಯಾವಾಗ ಪಕ್ಕದವರ ಹಾಳೆ ನೋಡಿತು, ಬರೀ ನಕಲು ಎಲ್ಲಿಂದ ಶುರುವಾಯಿತು. ಜಪಾನಿನಲ್ಲಿ ಶಿಕ್ಷಕರು ಸೇರಿ ಒಂದೇ ಪಾಠವನ್ನು ವಾರಗಟ್ಟಲೆ ತಯಾರು ಮಾಡುತ್ತಾರೆ, ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹೀಗೆ ಮಕ್ಕಳನ್ನು ಗಮನಿಸಿ ಆಮೇಲೆ ಪಾಠವನ್ನು ತಿದ್ದುತ್ತಾರೆ. ಚರ್ಚೆ ಪಾಠದ ಬಗ್ಗೆ, ಪಾಠ ಮಾಡಿದವರ ಬಗ್ಗೆ ಅಲ್ಲ. ನಿಮ್ಮ ಜೊತೆಗೆ ಒಬ್ಬರೇ ಸಿಕ್ಕರೂ ಸಾಕು, ಶುರು ಮಾಡಬಹುದು.

ಪಾಠ ಯೋಜನೆಯ ನಮೂನೆಯನ್ನು ಕೇಳಿದ ಹಾಗೆ ತುಂಬಿಕೊಡಿ, ಅದರಲ್ಲಿ ಜಗಳ ಬೇಡ. ನಿಮಗಾಗಿ ಬೇರೆ ಒಂದು ಚಿಕ್ಕ ಚೀಟಿ ಇಟ್ಟುಕೊಳ್ಳಿ: ಇವತ್ತಿನ ಮುಖ್ಯ ಪ್ರಶ್ನೆ, ಅದಕ್ಕೆ ಬರಬಹುದಾದ ತಪ್ಪು ಉತ್ತರಗಳು, ಪ್ರತಿಯೊಂದಕ್ಕೂ ನಾನು ಕೇಳುವ ಮರುಪ್ರಶ್ನೆ. ಊಹಿಸದ ಉತ್ತರ ಬಂದರೆ ಅದೇ ಚೀಟಿಯ ಹಿಂದೆ ಬರೆದಿಡಿ. ಮುಂದಿನ ವರ್ಷ ಇದಕ್ಕಿಂತ ಒಳ್ಳೇ ಕೈಪಿಡಿ ನಿಮಗೆ ಎಲ್ಲೂ ಸಿಗುವುದಿಲ್ಲ.

ಐವತ್ತು ಮಕ್ಕಳ ಕ್ಲಾಸಿನಲ್ಲಿ ಇದೆಲ್ಲ ಆಗುತ್ತದಾ ಅಂತ ಕೇಳುತ್ತೀರಿ. ಒಬ್ಬೊಬ್ಬರ ಜೊತೆ ಕೂರುವುದಂತೂ ಆಗುವುದಿಲ್ಲ. ಪೀರಿಯಡ್ಡಿನ ಕೊನೆಯ ಮೂರು ನಿಮಿಷಕ್ಕೆ ಒಂದೇ ಪ್ರಶ್ನೆ ಕೊಟ್ಟು ಚೀಟಿಯಲ್ಲಿ ಉತ್ತರ ಬರೆಸಿ ತಗೊಳ್ಳಿ. ಅಂಕ ಹಾಕಬೇಡಿ. ಒಂದೇ ಥರದ ಉತ್ತರಗಳನ್ನು ಒಂದೊಂದು ಗುಡ್ಡೆ ಮಾಡಿ. ಹತ್ತು ನಿಮಿಷದ ಕೆಲಸ, ಮೂರು ನಾಲ್ಕು ಗುಡ್ಡೆಗಿಂತ ಜಾಸ್ತಿ ಆಗುವುದು ಅಪರೂಪ. ನಾಳೆಯ ಪಾಠ ದೊಡ್ಡ ತಪ್ಪಿನ ಗುಡ್ಡೆಯಿಂದ ಶುರುವಾಗಲಿ, ಹೆಸರು ಹೇಳದೆ. ಯಾವ ಗುಡ್ಡೆಗೂ ಸೇರದ ಒಂದೆರಡು ಚೀಟಿ ಉಳಿಯುತ್ತವೆ, ಹೇಗೆ ಬಂತು ಅಂತ ಎಷ್ಟು ತಲೆ ಕೆಡಿಸಿಕೊಂಡರೂ ಗೊತ್ತಾಗುವುದಿಲ್ಲ. ಆ ಮಕ್ಕಳನ್ನು ಬಿಡುವಿನಲ್ಲಿ ಕರೆದು ಕೇಳಿ.